ಮನೆಯ ನೆಲವೂ ಮಗುವಿನ ಬುದ್ಧಿಯೂ



ಹೊಸ ಮನೆ ಕಟ್ಟಿಸುವಾಗ ನೀವು ಏನೇನು ನೋಡುತ್ತೀರಿ? ಆಯ ನೋಡಿಸುತ್ತೀರಿ, ಬಾಗಿಲ ದಿಕ್ಕು ನೋಡುತ್ತೀರಿ, ಬೀದಿಗೆ ಕಾಣುವ ಮುಂಗೋಡೆಗೆ ಬಣ್ಣ ಹೊಡೆಸುತ್ತೀರಿ. ಅಷ್ಟರಲ್ಲಿ ಕೈಯ ಹಣ ಮುಗಿಯುತ್ತದೆ. "ನೆಲದ ಕೆಲಸ ಮುಂದಿನ ಸುಗ್ಗಿಗೆ ಆಯಿತು" ಎಂದು ಮಣ್ಣು ನೆಲದಲ್ಲೇ ಒಕ್ಕಲಾಗುತ್ತೀರಿ. ಆ ಸುಗ್ಗಿ ಬರುವುದರೊಳಗೆ ಮನೆಯ ಮಗು ಅದೇ ನೆಲದ ಮೇಲೆ ಅಂಬೆಗಾಲಿಟ್ಟು ಬೆಳೆದಿರುತ್ತದೆ. ಮುಂದೆ ಶಾಲೆಯಲ್ಲಿ ಅದಕ್ಕೆ ಪಾಠ ಹತ್ತದಿದ್ದರೆ "ಅದರ ಹಣೆಬರಹ" ಎಂದುಬಿಡುತ್ತೇವೆ. ಹಾಗೆನ್ನುವ ಮೊದಲು ಮನೆಯ ನೆಲವನ್ನೊಮ್ಮೆ ನೋಡಬೇಕು. ಏಕೆಂಬುದನ್ನು ಮೆಕ್ಸಿಕೋ ದೇಶದಲ್ಲಿ ನಡೆದ ಒಂದು ಕೆಲಸದಿಂದ ತಿಳಿಯಬಹುದು.

ಆ ದೇಶದ ಕೊವಾವಿಲ ಎಂಬ ರಾಜ್ಯದಲ್ಲಿ 2000ನೆಯ ಇಸವಿಯಲ್ಲಿ "ಪಿಸೊ ಫಿರ್ಮೆ" ಎಂಬ ಯೋಜನೆ ಆರಂಭವಾಯಿತು. ಗಟ್ಟಿ ನೆಲ ಎಂದು ಅದರ ಅರ್ಥ. ಮಣ್ಣು ನೆಲವಿದ್ದ ಬಡವರ ಮನೆಗಳಿಗೆ ಸರಕಾರವು 50 ಚದರ ಮೀಟರ್, ಅಂದರೆ ಸುಮಾರು 540 ಚದರ ಅಡಿಯವರೆಗೆ ಹಾಸಲು ಕಾಂಕ್ರೀಟನ್ನು ಲಾರಿಯಲ್ಲಿ ತಂದು ಕೊಡುತ್ತಿತ್ತು. ನೆಲವನ್ನು ಸಿದ್ಧಮಾಡಿಕೊಂಡು ಕಾಂಕ್ರೀಟು ಹರಡುವುದು ಮನೆಯವರ ಕೆಲಸ.

ಗೊಬ್ಬರದ ಗುಣ ತಿಳಿಯಲು ನೀವು ಗೊಬ್ಬರ ಹಾಕಿದ ಮಡಿಯನ್ನೂ ಹಾಕದ ಮಡಿಯನ್ನೂ ಅಕ್ಕಪಕ್ಕ ಇಟ್ಟು ನೋಡುತ್ತೀರಲ್ಲವೇ? ತಿಳಿದವರು ಅಲ್ಲಿಯೂ ಹಾಗೆಯೇ ಮಾಡಿದರು. ಕೊವಾವಿಲದ ಟೊರೆಯೋನ್ ಊರಿಗೆ ಈ ನೆಲ ಬಂದಿತ್ತು. ಗಡಿಯಾಚೆ ಬೇರೆ ರಾಜ್ಯಕ್ಕೆ ಸೇರಿದ ಗೋಮೆಸ್ ಪಲಾಸಿಯೊ ಮತ್ತು ಲೆರ್ಡೊ ಊರುಗಳಿಗೆ ಬಂದಿರಲಿಲ್ಲ. ಊರುಗಳು ಒಂದಕ್ಕೊಂದು ಅಂಟಿಕೊಂಡಿವೆ; ಹವೆ, ಜನ, ಜೀವನ ಎಲ್ಲವೂ ಒಂದೇ ಬಗೆ. 2005ರಲ್ಲಿ ಎರಡೂ ಕಡೆಯ ಮನೆಗಳಿಗೆ ಹೋಗಿ ಆರು ವರ್ಷದೊಳಗಿನ ಮಕ್ಕಳನ್ನೂ ಅವರ ತಾಯಂದಿರನ್ನೂ ಪರೀಕ್ಷಿಸಿದರು. ಮನೆಯ ಮಣ್ಣು ನೆಲವೆಲ್ಲ ಸಿಮೆಂಟಿನದಾದರೆ ಎಷ್ಟು ವ್ಯತ್ಯಾಸವಾಗುವುದೆಂದು ಲೆಕ್ಕ ಹಾಕಿ 2009ರಲ್ಲಿ ಪ್ರಕಟಿಸಿದರು.

ಮಕ್ಕಳ ಹೊಟ್ಟೆಯ ಜಂತುಬಾಧೆ ನೂರಕ್ಕೆ 78ರಷ್ಟು ಇಳಿಯಿತು. ಭೇದಿ 49ರಷ್ಟು, ರಕ್ತಹೀನತೆ 81ರಷ್ಟು ಕಡಿಮೆಯಾಯಿತು. ಇವೆಲ್ಲ ಮೈಯ ಮಾತಾಯಿತು. ಬುದ್ಧಿಯ ಮಾತೇನು? ತೀರ ಚಿಕ್ಕ ಮಕ್ಕಳಿಗೆ ಎಷ್ಟು ಮಾತು ಬರುತ್ತದೆ, ಸ್ವಲ್ಪ ದೊಡ್ಡವರು ಪದ ಕೇಳಿ ಸರಿಯಾದ ಚಿತ್ರ ತೋರಿಸುವರೇ ಎಂದು ನೋಡಿದಾಗ, ಮಕ್ಕಳ ಬುದ್ಧಿಯ ಬೆಳವಣಿಗೆ 36ರಿಂದ 96ರಷ್ಟು ಉತ್ತಮವಾಗಿತ್ತು.

ನೆಲಕ್ಕೂ ಬುದ್ಧಿಗೂ ನಂಟು ಹೇಗೆ? ಬಯಲಿನ ಮಲದಲ್ಲಿರುವ ಜಂತುಹುಳುವಿನ ಮೊಟ್ಟೆಗಳು ಕಾಲಿಗೆ ಮೆತ್ತಿದ ಮಣ್ಣಿನೊಡನೆ ಮನೆಯೊಳಕ್ಕೆ ಬರುತ್ತವೆ. ಕಣ್ಣಿಗೆ ಕಾಣದ ಈ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲವು. ಮಗು ನೆಲ ಮುಟ್ಟಿದ ಕೈಯನ್ನೇ ಬಾಯಿಗಿಡುತ್ತದೆ. ಹೊಟ್ಟೆ ಸೇರಿದ ಹುಳು ಮಗು ಉಂಡ ಅನ್ನದ ಸಾರವನ್ನು ಕದಿಯುತ್ತದೆ. ಕೊಕ್ಕೆಹುಳುವಾದರೆ ರಕ್ತವನ್ನೇ ಹೀರುತ್ತದೆ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೆ ಮಿದುಳಿಗೆ ಬೇಕಾದ ಪೋಷಣೆ ಸಿಗುವುದಿಲ್ಲ. ಮಿದುಳು ಅತಿ ವೇಗವಾಗಿ ಬೆಳೆಯುವುದು ಮೊದಲ ಎರಡು ಮೂರು ವರ್ಷಗಳಲ್ಲಿ. ಮಗು ನೆಲದ ಮೇಲೆ ಆಡುವುದೂ ಅದೇ ವರ್ಷಗಳಲ್ಲಿ. ಸಸಿಮಡಿಯಲ್ಲೇ ಸೊರಗಿದ ಪೈರಿಗೆ ಆಮೇಲೆ ಎಷ್ಟು ಗೊಬ್ಬರ ಹಾಕಿದರೇನು?

"ದಿನವೂ ಸಗಣಿ ಹಾಕಿ ಸಾರಿಸುತ್ತೇವೆ, ನಮ್ಮ ನೆಲ ಚೊಕ್ಕಟವಲ್ಲವೇ?" ಎಂದು ಮನೆಯ ಹೆಂಗಸರು ಕೇಳಬಹುದು. ಸಾರಿಸಿದರೆ ಧೂಳು ಅಡಗುವುದು ನಿಜ. ಆದರೆ ಮಣ್ಣಿನೊಳಗೆ ಸೇರಿದ ಮೊಟ್ಟೆ ಅದರಿಂದ ಸಾಯುವುದಿಲ್ಲ. ತಪ್ಪು ಹೆಂಗಸರದಲ್ಲ, ನೆಲದ್ದು. ಗಟ್ಟಿ ನೆಲವನ್ನು ನೀರು ಹಾಕಿ ತೊಳೆಯಬಹುದು. ಮಣ್ಣು ನೆಲವನ್ನು ತೊಳೆಯಲು ಬರುವುದಿಲ್ಲ.

ತಾಯಂದಿರ ಮನಸ್ಸಿನ ಮೇಲೂ ಈ ನೆಲದ ಪರಿಣಾಮ ಕಂಡುಬಂದಿತು. ಮಂಕು ಕವಿದು ಬೇಸರಪಡುವುದು ನೂರಕ್ಕೆ 52ರಷ್ಟು, ಮನಸ್ಸಿನ ಒತ್ತಡ 45ರಷ್ಟು ಇಳಿದಿತ್ತು. ಎಷ್ಟು ಗುಡಿಸಿದರೂ ಹಸನಾಗದ ಮನೆ, ಪದೇ ಪದೇ ಕಾಯಿಲೆ ಬೀಳುವ ಮಗು, ಇವೆರಡೂ ತಾಯಿಯ ಮನಸ್ಸನ್ನು ಎಷ್ಟು ಹಿಂಡುತ್ತವೆಂಬುದನ್ನು ನೀವೇ ಬಲ್ಲಿರಿ.

ಈಗ ನೀವು ಮಾಡಬೇಕಾದುದೇನು? ಇಡೀ ಮನೆಗೆ ಹಣ ಸಾಲದಿದ್ದರೆ ಮಗು ಆಡುವ ನಡುಮನೆಯ ನೆಲವನ್ನು ಮೊದಲು ಮಾಡಿಸಿರಿ. ನೆಲ ಅಂಗಳಕ್ಕಿಂತ ಒಂದು ಅಡಿಯಾದರೂ ಎತ್ತರವಿರಲಿ. ನೀರು ಚಿಮುಕಿಸಿ ದಿಮ್ಮಸು ಹೊಡೆದು ಗಟ್ಟಿಮಾಡಿ. ಒಂದು ಪಾಲು ಸಿಮೆಂಟು, 4 ಪಾಲು ಮರಳು, 8 ಪಾಲು ಜಲ್ಲಿ ಬೆರೆಸಿದ ಕಾಂಕ್ರೀಟನ್ನು ಹಾಸಿ, ಮೇಲೆ ಸಿಮೆಂಟು ಗಾರೆಯಿಂದ ನುಣುಪು ಮಾಡಿಸಿರಿ. ತೊಳೆದ ನೀರು ನಿಲ್ಲದಂತೆ ಹೊರಬಾಗಿಲ ಕಡೆಗೆ ತುಸು ಇಳಿಜಾರು ಇರಲಿ. ಹೊಸ ನೆಲವನ್ನು ಕನಿಷ್ಠ 7 ದಿನ ನೀರಿನಿಂದ ಒದ್ದೆಯಾಗಿಡಬೇಕು. ಇಲ್ಲವಾದರೆ ಬಿರುಕು ಬಿಡುತ್ತದೆ. ಶಹಾಬಾದ್ ಕಲ್ಲು ಹತ್ತಿರದಲ್ಲಿ ಸಿಗುವವರು ಅದನ್ನೇ ಹಾಸಬಹುದು. ಆದರೆ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಲು ಮರೆಯಬೇಡಿರಿ.

ನೆಲ ಗಟ್ಟಿಯಾಯಿತೆಂದು ಉಳಿದುದನ್ನು ಬಿಡುವಂತಿಲ್ಲ. ಮನೆಮಂದಿಯೆಲ್ಲ ಪಾಯಿಖಾನೆ ಬಳಸಿರಿ. ಹೊಲದ ಚಪ್ಪಲಿ ಹೊಸ್ತಿಲ ಹೊರಗಿರಲಿ. ದನ ಕಟ್ಟುವ ಜಾಗಕ್ಕೂ ನಡುಮನೆಗೂ ಮಧ್ಯೆ ಗೋಡೆಯಿರಲಿ. ಅಂಗನವಾಡಿಯಲ್ಲೂ ಶಾಲೆಯಲ್ಲೂ ಜಂತುಹುಳುವಿನ ಮಾತ್ರೆ ಕೊಡುವ ದಿನ ಮಕ್ಕಳನ್ನು ತಪ್ಪದೆ ಕಳುಹಿಸಿರಿ.

ಮುಂಗೋಡೆಯ ಬಣ್ಣ ಬೀದಿಯವರ ಕಣ್ಣಿಗೆ. ಒಳಗಿನ ನೆಲ ನಿಮ್ಮ ಮಗುವಿಗೆ. ಈ ಸುಗ್ಗಿಯಲ್ಲಿ ನಾಲ್ಕು ಕಾಸು ಉಳಿದರೆ ಬಣ್ಣ ಮುಂದಿನ ವರ್ಷಕ್ಕಿರಲಿ, ನೆಲ ಈ ವರ್ಷವೇ ಆಗಲಿ.