ತಲೆಗೆ ಪೆಟ್ಟಾದವರ ಆರೈಕೆ: ಮನೆಯವರ ಜೊತೆ ಸಂಘವೂ ಇರಲಿ



ಖಾನಾಪುರ ಕಡೆಯ ಒಂದು ಹಳ್ಳಿ ಅಂದ್ಕೊಳ್ಳಿ. ಮನೆಯ ಯಜಮಾನ ಬೈಕಿನಿಂದ ಬಿದ್ದು ತಲೆಗೆ ಜೋರು ಪೆಟ್ಟಾಯಿತು. ಬೆಳಗಾವಿಯಲ್ಲಿ ಆಪರೇಷನ್ ಆಗಿ ಜೀವ ಉಳಿಯಿತು. "ಡಿಸ್ಚಾರ್ಜ್ ಆಯ್ತಲ್ಲ, ಇನ್ನೇನು ಆರಾಮ" ಅಂತಾರೆ ಊರವರು. ಆದರೆ ಹೆಂಡತಿಗೆ ನಿಜವಾದ ಕಷ್ಟ ಶುರುವಾಗುವುದು ಅಂದಿನಿಂದಲೇ. ಕೂಲಿ ನಿಂತಿತು, ಸಭೆ ತಪ್ಪಿತು, ಸಾಲದ ಕಂತು ಉಳಿಯಿತು.

ಮಿದುಳಿಗೆ ಪೆಟ್ಟಾದರೆ ಏನಾಗುತ್ತದೆ?

ಕೈಕಾಲು ಸೋಲಬಹುದು, ಮಾತು ತೊದಲಬಹುದು, ನೆನಪು ಕಡಿಮೆಯಾಗಬಹುದು. ಸುಮ್ಮಸುಮ್ಮನೆ ಸಿಟ್ಟು ಬರಬಹುದು. ಇದು ಹಠವಲ್ಲ, ದೆವ್ವದ ಕಾಟವೂ ಅಲ್ಲ, ಪೆಟ್ಟಿನ ಪರಿಣಾಮ. ಚೇತರಿಕೆಗೆ ತಿಂಗಳುಗಳು, ಕೆಲವರಿಗೆ ವರ್ಷಗಳೇ ಬೇಕು.

ಮನೆಯಲ್ಲಿ ಏನು ಮಾಡಬೇಕು?

1. ಹಾಸಿಗೆ ಹಿಡಿದವರನ್ನು 2 ಗಂಟೆಗೊಮ್ಮೆ ಮಗ್ಗಲು ಬದಲಿಸಿ, ಬೆನ್ನುಹುಣ್ಣು ಆಗದಂತೆ ನೋಡಿಕೊಳ್ಳಿ.
2. ನೆಟ್ಟಗೆ ಕೂರಿಸಿಯೇ ಊಟ ಕೊಡಿ. ನುಂಗುವಾಗ ಕೆಮ್ಮು ಬಂದರೆ ನಿಲ್ಲಿಸಿ, ವೈದ್ಯರನ್ನು ಕೇಳಿ.
3. ಆಸ್ಪತ್ರೆಯಲ್ಲಿ ಕಲಿಸಿದ ವ್ಯಾಯಾಮವನ್ನು ದಿನಾಲೂ ಮಾಡಿಸಿ.
4. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಸ್ನಾನ, ಊಟ, ನಿದ್ದೆ ದಿನಾ ಅದೇ ಹೊತ್ತಿಗೆ ಆಗಲಿ.
5. ಫಿಟ್ಸ್ ಗುಳಿಗೆಯನ್ನು ಕೇಳದೆ ನಿಲ್ಲಿಸಬೇಡಿ. ಫಿಟ್ಸ್, ಪದೇಪದೇ ವಾಂತಿ, ಮಂಪರು ಕಂಡರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಸಂಘ ಏನು ಮಾಡಬಹುದು?

ಆರೈಕೆಯನ್ನು ಒಬ್ಬಳ ತಲೆಮೇಲೆ ಬಿಡದೆ ಊರೇ ಹಂಚಿಕೊಳ್ಳುವುದಕ್ಕೆ 'ಸಮುದಾಯ ಆಧಾರಿತ ಪುನರ್ವಸತಿ' ಎನ್ನುತ್ತಾರೆ. 1978ರ ಆಲ್ಮಾ-ಆಟಾ ಘೋಷಣೆಯ ನಂತರ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಮುಂದಕ್ಕೆ ತಂದಿತು. ನಮ್ಮ ಮಟ್ಟದಲ್ಲಿ ಇದು ಸುಲಭ: ಸರದಿಯಂತೆ ಒಬ್ಬೊಬ್ಬರು 2 ತಾಸು ಅವರ ಮನೆಯಲ್ಲಿ ಕುಳಿತರೆ, ಆ ಅಕ್ಕ ಸಂತೆಗೆ ಹೋಗ್ತಾಳೆ, ಕಣ್ಣುಮುಚ್ಚಿ ಮಲಗ್ತಾಳೆ. ಸಭೆ ತಪ್ಪಿದ್ದಕ್ಕೆ ದಂಡ ಹಾಕಬೇಡಿ, ಸಂಘದಿಂದ ತೆಗೆಯಬೇಡಿ. ಕಂತಿಗೆ ಸಮಯ ಕೊಟ್ಟು ಠರಾವು ಬರೆಯಿರಿ.

ಸರಕಾರದಿಂದ ಏನಿದೆ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆಗಳಿವೆ. ಪೆಟ್ಟಿನಿಂದ ನಡೆಯಲು, ಮಾತಾಡಲು ಆಗದಿದ್ದರೆ ಅದೂ ಅದರಲ್ಲಿ ಸೇರಬಹುದು. ವೈದ್ಯರು 40% ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಕೊಟ್ಟರೆ ಸರಕಾರದ ಹಲವು ಸೌಲಭ್ಯಗಳಿಗೆ ದಾರಿಯಾಗುತ್ತದೆ. ಯುಡಿಐಡಿ ಕಾರ್ಡು ಮತ್ತು ಪಿಂಚಣಿಯ ಅರ್ಜಿಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ; ಅವರನ್ನು ವಿ.ಆರ್.ಡಬ್ಲ್ಯೂ. ಅಂತ ಕರೆಯುತ್ತಾರೆ. ಬೆಳಗಾವಿ ನಗರದವರು ನಗರ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಈ ವಾರದ ಸಭೆಯಲ್ಲಿ ಚರ್ಚಿಸಿ: ನಮ್ಮ ಓಣಿಯಲ್ಲಿ ಇಂಥ ಮನೆ ಯಾವುದು? ಮೊದಲ ಸರದಿ ಯಾರದು?