ಬೇರು ಸೋರೆಯದು, ಹಣ್ಣು ಕಲ್ಲಂಗಡಿಯದು

ಬ್ರಿಸ್ಬೇನ್ ನಗರದ ನೈರುತ್ಯ ಅಂಚಿನಲ್ಲಿರುವ ಫಾರೆಸ್ಟ್ ಲೇಕ್ ಬಡಾವಣೆಯಿಂದ ಪಶ್ಚಿಮಕ್ಕೆ ಹೊರಟು ಇಪ್ಸ್‌ವಿಚ್, ಟೂವೂಂಬಾ, ಡಾಲ್ಬಿ ದಾಟಿದರೆ, ಸುಮಾರು ಮುನ್ನೂರು ಕಿಲೋಮೀಟರ್ ದೂರದಲ್ಲಿ ಚಿಂಚಿಲ್ಲಾ ಎಂಬ ಊರು ಸಿಗುತ್ತದೆ. ಅದು ಆಸ್ಟ್ರೇಲಿಯಾದ ಕಲ್ಲಂಗಡಿ ರಾಜಧಾನಿ ಎಂದೇ ಹೆಸರಾದ ಊರು. 1994ರಲ್ಲಿ ಆರಂಭವಾದ ಕಲ್ಲಂಗಡಿ ಹಬ್ಬ ಅಲ್ಲಿ ಎರಡು ವರ್ಷಕ್ಕೊಮ್ಮೆ ಫೆಬ್ರುವರಿಯಲ್ಲಿ ನಡೆಯುತ್ತದೆ. ಅತಿ ಭಾರದ ಕಾಯಿ ಯಾರದ್ದು ಎಂಬ ಸ್ಪರ್ಧೆ ಹಬ್ಬದ ದೊಡ್ಡ ಆಕರ್ಷಣೆ.

ಇಂಥ ದೈತ್ಯ ಕಾಯಿ ಬೆಳೆಯುವವರು ಎಲ್ಲೇ ಸೇರಲಿ, ಒಂದು ಚರ್ಚೆ ತಪ್ಪುವುದಿಲ್ಲ. ಬೀಜ ಊರಿ ಸ್ವಂತ ಬೇರಿನ ಮೇಲೆ ಬೆಳೆದ ಬಳ್ಳಿ ಮೇಲೋ, ಕುಂಬಳ ಅಥವಾ ಸೋರೆಯ ಬೇರಿಗೆ ಕಸಿ ಮಾಡಿದ ಬಳ್ಳಿ ಮೇಲೋ? ಈ ಪ್ರಶ್ನೆಯ ಹಿಂದೆ ಎರಡು ಸಾವಿರ ವರ್ಷಗಳ ಕಥೆಯಿದೆ.

ಹತ್ತು ಬೀಜ, ಒಂದು ಬಳ್ಳಿ

ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ, ಚೀನಾದ ಹಾನ್ ಅರಸರ ಕಾಲದಲ್ಲಿ, ಫಾನ್ ಶೆಂಗ್‌ಝಿ ಎಂಬಾತ ಬರೆದ ಕೃಷಿ ಗ್ರಂಥದಲ್ಲಿ ಭಾರಿ ಸೋರೆಕಾಯಿ ಬೆಳೆಯುವ ವಿಧಾನವಿದೆ. ಒಂದೇ ಗುಣಿಯಲ್ಲಿ ಹತ್ತು ಬೀಜ ಬಿತ್ತಬೇಕು. ಬಳ್ಳಿಗಳು ಎರಡಡಿಯಷ್ಟು ಬೆಳೆದಾಗ ಹತ್ತೂ ಕಾಂಡಗಳನ್ನು ಒಟ್ಟಿಗೆ ಬಟ್ಟೆಯಿಂದ ಬಿಗಿದು, ಮೇಲೆ ಮಣ್ಣು ಮೆತ್ತಬೇಕು. ಕೆಲವೇ ದಿನಗಳಲ್ಲಿ ಅವು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಗಟ್ಟಿಮುಟ್ಟಾದ ಒಂದು ಕುಡಿ ಉಳಿಸಿ ಮಿಕ್ಕ ಒಂಬತ್ತನ್ನು ಚಿವುಟಿ ಹಾಕಬೇಕು. ಹತ್ತು ಬೇರುಗಳು ಹೀರಿದ್ದೆಲ್ಲ ಒಂದೇ ಬಳ್ಳಿಗೆ ಹರಿಯುತ್ತದೆ.

ಸೋರೆ ಆಗ ಬರೀ ಪಲ್ಯದ ಕಾಯಿಯಾಗಿರಲಿಲ್ಲ. ಒಣಗಿದ ಬುರುಡೆ ನೀರು, ಧಾನ್ಯ ತುಂಬುವ ಪಾತ್ರೆ. ನಮ್ಮಲ್ಲೂ ಈಜು ಕಲಿಯುವ ಮಕ್ಕಳ ಬೆನ್ನಿಗೆ ಸೋರೆಬುರುಡೆ ಕಟ್ಟುತ್ತಿದ್ದರು, ತಂಬೂರಿಗೂ ಅದೇ ಬೇಕು. ಕಾಯಿ ದೊಡ್ಡದಾದಷ್ಟೂ ಬೆಲೆ ಹೆಚ್ಚು. ಎಳೆ ಬಳ್ಳಿಗಳನ್ನು ಬೆಸೆಯುವ ವಿದ್ಯೆ ನಮಗೆ ತಿಳಿದಂತೆ ಮೊದಲು ಕಾಣಿಸಿಕೊಂಡದ್ದು ಹೀಗೆ, ಗಾತ್ರದ ಆಸೆಯಿಂದ.

ರೋಗ ಕಲಿಸಿದ ಪಾಠ

ಕಲ್ಲಂಗಡಿಗೆ ಈ ವಿದ್ಯೆ ಬಂದದ್ದು ಬಹಳ ತಡವಾಗಿ, ಬೇರೊಂದು ಕಾರಣಕ್ಕೆ. ಒಂದೇ ನೆಲದಲ್ಲಿ ಮತ್ತೆ ಮತ್ತೆ ಕಲ್ಲಂಗಡಿ ಹಾಕಿದರೆ ಫ್ಯುಸೇರಿಯಂ ಎಂಬ ಶಿಲೀಂಧ್ರ ಮಣ್ಣಿನಲ್ಲಿ ಬೀಡುಬಿಡುತ್ತದೆ. ಅದು ಬೇರಿನಿಂದ ಒಳನುಗ್ಗಿ ನೀರು ಏರುವ ನಾಳಗಳನ್ನೇ ಕಟ್ಟಿಹಾಕುತ್ತದೆ. ಬಳ್ಳಿ ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಂಡಂತೆ ಕಾಣುತ್ತದೆ. ಕೆಲವು ದಿನಗಳಲ್ಲಿ ಪೂರ್ತಿ ಸೊರಗುತ್ತದೆ. ಬೆಳೆ ನಿಲ್ಲಿಸಿದರೂ ಅದರ ಬೀಜಾಣುಗಳು ಹತ್ತು ವರ್ಷಕ್ಕೂ ಹೆಚ್ಚು ಕಾಲ ಮಣ್ಣಿನಲ್ಲಿ ಕಾದು ಕೂತಿರಬಲ್ಲವು.

ಅಮೆರಿಕದಲ್ಲಿ ಎರ್ವಿನ್ ಸ್ಮಿತ್ 1894ರಲ್ಲಿ ಈ ಸೊರಗು ರೋಗವನ್ನು ಗುರುತಿಸಿದರು. ಅಲ್ಲಿನ ವಿಜ್ಞಾನಿಗಳು ಹಿಡಿದದ್ದು ಬೀಜದ ದಾರಿ. ವಿಲಿಯಂ ಆರ್ಟನ್ ದನಗಳಿಗೆ ಹಾಕುವ ಗಟ್ಟಿ ಕಲ್ಲಂಗಡಿಯೊಂದನ್ನು ತಿನ್ನುವ ತಳಿಯೊಂದಿಗೆ ಸಂಕರಿಸಿ, ರೋಗ ತಡೆಯುವ ‘ಕಾಂಕರರ್’ ತಳಿಯನ್ನು 1911ರಲ್ಲಿ ಹೊರತಂದರು. 1960ರ ದಶಕದಲ್ಲಿ ಕನ್ಸಾಸ್ ರಾಜ್ಯ ವಿಶ್ವವಿದ್ಯಾಲಯದ ಚಾರ್ಲ್ಸ್ ಹಾಲ್ ‘ಕ್ರಿಮ್ಸನ್ ಸ್ವೀಟ್’ ಕೊಟ್ಟರು. ಅದರ ರಕ್ತಸಂಬಂಧ ನಮ್ಮವರೆಗೂ ಬಂದಿದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ‘ಅರ್ಕಾ ಮಾಣಿಕ್’ ತಳಿಗೆ ಕ್ರಿಮ್ಸನ್ ಸ್ವೀಟ್ ಒಂದು ಪೋಷಕ ತಳಿ. ಸರಾಸರಿ ಆರು ಕಿಲೋ ತೂಗುವ, ಸಿಹಿಗೆ ಹೆಸರಾದ ಹಣ್ಣು ಅದು.

ಜಪಾನ್ ಹಿಡಿದದ್ದು ಬೇರಿನ ದಾರಿ. 1920ರ ದಶಕದ ಕೊನೆಯಲ್ಲಿ ಅಲ್ಲಿ ಕಲ್ಲಂಗಡಿ ಕುಡಿಯನ್ನು ಕುಂಬಳ ಜಾತಿಯ ಬೇರಿಗೆ ಕಸಿ ಮಾಡಿದರು. ಕಲ್ಲಂಗಡಿಯನ್ನು ಕೊಲ್ಲುವ ಫ್ಯುಸೇರಿಯಂ ಬಗೆ ಕುಂಬಳವನ್ನು ಮುಟ್ಟುವುದಿಲ್ಲ. ಮುಂದಿನ ದಶಕದಲ್ಲಿ ಸೋರೆಯ ಬೇರೂ ಬಳಕೆಗೆ ಬಂತು. ಈಗ ಜಪಾನ್, ದಕ್ಷಿಣ ಕೊರಿಯಾಗಳಲ್ಲಿ ಬೆಳೆಯುವ ಕಲ್ಲಂಗಡಿಯಲ್ಲಿ ಶೇ 90ಕ್ಕೂ ಹೆಚ್ಚು ಕಸಿ ಸಸಿಗಳದ್ದು. ಮಣ್ಣನ್ನು ಸೋಂಕುಮುಕ್ತ ಮಾಡುತ್ತಿದ್ದ ಮೀಥೈಲ್ ಬ್ರೋಮೈಡ್ ಅನಿಲ ಓಝೋನ್ ಪದರಕ್ಕೆ ಕೇಡು ಎಂದು ಮುಂದುವರಿದ ದೇಶಗಳು 2005ರ ಹೊತ್ತಿಗೆ ಅದನ್ನು ಕೈಬಿಡಬೇಕಾಯಿತು. ಸ್ಪೇನ್‌ನಂಥ ಕಡೆ ಆ ಜಾಗವನ್ನು ಕಸಿ ತುಂಬಿತು.

ಎಳೆ ಸಸಿಯ ಶಸ್ತ್ರಚಿಕಿತ್ಸೆ

ಮಾವಿನ ಕಸಿ ಕಂಡ ನಮ್ಮ ರೈತರಿಗೆ ತತ್ವ ಹೊಸದಲ್ಲ. ಹೊಸದು ಅದರ ನಾಜೂಕು. ಸೋರೆ ಸಸಿಯ ಬೆಳೆಯುವ ತುದಿ ಚಿವುಟಿ, ಎರಡು ಬೀಜದಳಗಳ ನಡುವೆ ಮೊನಚು ಬಿದಿರುಕಡ್ಡಿಯಿಂದ ಓರೆಯಾಗಿ ತೂತು ಮಾಡುತ್ತಾರೆ. ಬೀಜದಳ ಬಿಚ್ಚಿಕೊಂಡ ಕಲ್ಲಂಗಡಿ ಸಸಿಯನ್ನು ಬೇರಿನಿಂದ ಕತ್ತರಿಸಿ, ಕಾಂಡದ ತುದಿಯನ್ನು ಬೆಣೆಯಂತೆ ಕೆತ್ತಿ ಆ ತೂತಿನೊಳಗೆ ತೂರಿಸುತ್ತಾರೆ. ಆಮೇಲೆ ಸುಮಾರು ಒಂದು ವಾರ ಮಂದ ಬೆಳಕು, 25ರಿಂದ 28 ಡಿಗ್ರಿ ಶಾಖ, ಶೇ 90 ಮೀರಿದ ಆರ್ದ್ರತೆ ಬೇಕು. ಅಷ್ಟರಲ್ಲಿ ಎರಡೂ ಗಿಡಗಳ ನಾಳಗಳು ಕೂಡಿಕೊಳ್ಳುತ್ತವೆ.

ನಾಟಿಯಲ್ಲೂ ಎಚ್ಚರ ಬೇಕು. ಕಸಿಯ ಗಂಟು ಮಣ್ಣಿನ ಮೇಲೇ ಉಳಿಯಬೇಕು. ಅದು ಹೂತುಹೋದರೆ ಕಲ್ಲಂಗಡಿ ಕಾಂಡ ತನ್ನದೇ ಬೇರು ಇಳಿಬಿಡುತ್ತದೆ, ರೋಗ ಆ ದಾರಿಯಲ್ಲಿ ಏರುತ್ತದೆ, ಮಾಡಿದ ಕೆಲಸವೆಲ್ಲ ವ್ಯರ್ಥ. ಬುಡದಿಂದ ಚಿಗುರುವ ಸೋರೆಯ ಕುಡಿಗಳನ್ನೂ ಆಗಾಗ ಚಿವುಟುತ್ತಿರಬೇಕು. ಬೇರಿನ ಆಯ್ಕೆ ತಪ್ಪಿದರೆ ಹಣ್ಣಿನ ಸಿಪ್ಪೆ ದಪ್ಪವಾಗಬಹುದು, ರುಚಿ ಇಳಿಯಬಹುದು, ಮಾಗುವುದು ತಡವಾಗಬಹುದು.

ಭಾರ ಎಲ್ಲಿಂದ ಬಂತು?

ಅಮೆರಿಕದ ಅರ್ಕನ್ಸಾಸ್ ರಾಜ್ಯದ ಹೋಪ್ ಪಟ್ಟಣ ದೈತ್ಯ ಕಲ್ಲಂಗಡಿಗೆ ಪ್ರಸಿದ್ಧ. ಅಲ್ಲಿ 1935ರಲ್ಲಿ 195 ಪೌಂಡ್, ಅಂದರೆ ಸುಮಾರು 88 ಕಿಲೋ ತೂಕದ ಕಾಯಿ ಬೆಳೆದಿತ್ತು. 1985ರಲ್ಲಿ ಅದೇ ಊರಿನ ಬ್ರೈಟ್ ಕುಟುಂಬ 118 ಕಿಲೋ ಮುಟ್ಟಿತು, 2005ರಲ್ಲಿ ಸುಮಾರು 122 ಕಿಲೋ. 2013ರಲ್ಲಿ ಟೆನೆಸ್ಸಿಯ ಕ್ರಿಸ್ ಕೆಂಟ್ ಬೆಳೆದ 350.5 ಪೌಂಡಿನ, ಸುಮಾರು 159 ಕಿಲೋ ತೂಕದ ಕಾಯಿ ಗಿನ್ನೆಸ್ ದಾಖಲೆಗೆ ಸೇರಿತು.

ಈ ಏರಿಕೆಯ ತಳಪಾಯ ಬೀಜ. ‘ಕ್ಯಾರೊಲಿನಾ ಕ್ರಾಸ್’ನಂಥ ದೊಡ್ಡಕಾಯಿ ತಳಿಗಳಲ್ಲಿ, ಅತಿ ಭಾರದ ಕಾಯಿಯ ಬೀಜವನ್ನೇ ಆರಿಸಿ ಮತ್ತೆ ಬಿತ್ತಿದವರ ತಾಳ್ಮೆ ಅದು. ಸಣ್ಣಕಾಯಿಯ ‘ಶುಗರ್ ಬೇಬಿ’ಯನ್ನು ಎಷ್ಟು ಬಲವಾದ ಬೇರಿಗೆ ಕಸಿ ಮಾಡಿದರೂ ಅದು ನೂರು ಕಿಲೋ ತೂಗುವುದಿಲ್ಲ. ಬೇರು ಕೊಡುವುದು ಬೇರೆಯದನ್ನು. ಕುಂಬಳದ ಬೇರು ಹೆಚ್ಚು ಹರಡುತ್ತದೆ, ಹೆಚ್ಚು ನೀರು ಎಳೆಯುತ್ತದೆ, ಕಲ್ಲಂಗಡಿ ಬೇರು ಮುದುಡುವ ತಣ್ಣನೆ ಮಣ್ಣಿನಲ್ಲೂ ಕೆಲಸ ಮಾಡುತ್ತದೆ, ಋತುವಿನ ಕೊನೆಯವರೆಗೂ ಬಳ್ಳಿಯನ್ನು ಹಸಿರಾಗಿ ಇಡುತ್ತದೆ. ಒಂದೇ ಕಾಯಿ ಉಳಿಸಿಕೊಂಡ ಬಳ್ಳಿಗೆ ಸಿಗುವ ಆ ಹೆಚ್ಚುವರಿ ದಿನಗಳೇ ಭಾರವಾಗುತ್ತವೆ. ಬೀಜ ಎಷ್ಟು ಬೆಳೆಯಬಹುದೆಂದು ಹೇಳುತ್ತದೆ. ಬೇರು ಅಷ್ಟು ಬೆಳೆಯಲು ಕಾಲ ಕೊಡುತ್ತದೆ.

ಆದರೆ ಕಸಿ ಎಲ್ಲ ರೋಗಕ್ಕೂ ಮದ್ದಲ್ಲ. ಸೌತೆಯ ಹಸಿರು ಮೊಸಾಯಿಕ್ ವೈರಸ್ 2014ರಲ್ಲಿ ಆಸ್ಟ್ರೇಲಿಯಾದ ಉತ್ತರ ಭಾಗದ ಕಲ್ಲಂಗಡಿ ಹೊಲಗಳಲ್ಲಿ ಪತ್ತೆಯಾಯಿತು. 2016ರಲ್ಲಿ ಪರ್ತ್ ಇರುವ ಪಶ್ಚಿಮ ಆಸ್ಟ್ರೇಲಿಯಾದಲ್ಲಿ, 2019ರಲ್ಲಿ ಅಡಿಲೇಡ್ ಇರುವ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಕಂಡಿತು. ಅದು ಬೀಜದಲ್ಲಿ ಬರುತ್ತದೆ, ಕೈ ಮತ್ತು ಕತ್ತಿಯಿಂದ ಗಿಡದಿಂದ ಗಿಡಕ್ಕೆ ಹರಡುತ್ತದೆ. ಸೋರೆಬೀಜದಲ್ಲಿ ಸೋಂಕಿದ್ದು, ಒಂದೇ ಬ್ಲೇಡಿನಿಂದ ನೂರಾರು ಸಸಿ ಕತ್ತರಿಸಿದರೆ, ಕಸಿ ಮನೆಯೇ ರೋಗದ ಮನೆಯಾಗುತ್ತದೆ. ಪರೀಕ್ಷಿಸಿದ ಬೀಜ, ತೊಳೆದ ಕೈ, ಶುದ್ಧ ಉಪಕರಣ ಈ ವಿದ್ಯೆಯ ಅರ್ಧಭಾಗ.

ನಮ್ಮ ಹೊಲಕ್ಕೆ ಯಾವುದು?

ನಮ್ಮ ಹಿರಿಯರು ರೋಗದಿಂದ ಪಾರಾಗುತ್ತಿದ್ದದ್ದು ನೆಲ ಬದಲಿಸಿ. ನದಿಪಾತ್ರದಲ್ಲಿ ಪ್ರತಿ ಮಳೆಗಾಲ ಹೊಸ ಮರಳು, ಹೊಸ ಮೆಕ್ಕಲು ಬಂದು ಕೂರುತ್ತಿತ್ತು. ಉಡುಪಿ ಕಡೆಯ ರೈತರು ಭತ್ತ ಕೊಯ್ದ ಗದ್ದೆಯಲ್ಲಿ ಕಲ್ಲಂಗಡಿ ಹಾಕುತ್ತಾರೆ. ಮಳೆಗಾಲವಿಡೀ ನೀರು ನಿಂತ ನೆಲದಲ್ಲಿ ಫ್ಯುಸೇರಿಯಂ ಬಲ ಕುಂದುತ್ತದೆ. ಇಂಥ ಕಡೆ ಸ್ವಂತ ಬೇರಿನ ಬಳ್ಳಿಯೇ ಸಾಕು, ಕಸಿಯ ಖರ್ಚು ಬೇಡ.

ಬಯಲುಸೀಮೆಯ ಮಾತು ಬೇರೆ. ಹನಿ ನೀರಾವರಿಯ ಪೈಪು, ಪ್ಲಾಸ್ಟಿಕ್ ಹೊದಿಕೆ ಹಾಸಿದ ತುಂಡು ಭೂಮಿಯಲ್ಲಿ ವರ್ಷ ವರ್ಷವೂ ಅದೇ ಬೆಳೆ ತೆಗೆಯುವ ರೈತನಿಗೆ ಬದಲಿಸಲು ಬೇರೆ ನೆಲವಿಲ್ಲ. ಅವನಿಗೆ ಬದಲಿಸಲು ಉಳಿದಿರುವುದು ಬೇರು ಮಾತ್ರ. ಹೆಸರಘಟ್ಟದ ಸಂಶೋಧಕರು ಬದನೆ ಬೇರಿನ ಮೇಲೆ ಟೊಮೆಟೊ ಕಸಿ ಮಾಡಿ, ನೀರು ನಿಂತ ನೆಲವನ್ನೂ ಅದು ತಾಳಿಕೊಳ್ಳುವುದನ್ನು ತೋರಿಸಿದ್ದಾರೆ. ವಿದ್ಯೆ ನಮ್ಮ ಬಾಗಿಲಲ್ಲೇ ಇದೆ.

ಒಂದು ಮಾತು ನೆನಪಿಡಬೇಕು. ಕಸಿ ಬಳ್ಳಿಯ ಹಣ್ಣಿನಲ್ಲಿರುವ ಬೀಜದಿಂದ ಹುಟ್ಟುವುದು ಬರೀ ಕಲ್ಲಂಗಡಿ. ಸೋರೆಯ ಬೇರು ಮುಂದಿನ ಪೀಳಿಗೆಗೆ ದಾಟುವುದಿಲ್ಲ. ಹೀಗಾಗಿ ಒಳ್ಳೆಯ ತಳಿ ಒಮ್ಮೆ ಸಿಕ್ಕರೆ ಬೀಜವಾಗಿ ಉಳಿದೀತು, ಕಸಿಯನ್ನು ಮಾತ್ರ ಪ್ರತಿ ಹಂಗಾಮಿಗೂ ಹೊಸದಾಗಿ ಮಾಡಬೇಕು. ಅದಕ್ಕೆ ಪಳಗಿದ ಕೈಗಳು ಬೇಕು. ತುಮಕೂರು, ಕೋಲಾರ, ಚಿತ್ರದುರ್ಗದ ಸಸ್ಯಾಗಾರಗಳಲ್ಲಿ ಟ್ರೇ ತುಂಬಿ ಸಸಿ ಎಬ್ಬಿಸುವ ಹೆಣ್ಣುಮಕ್ಕಳಿಗೆ ಈ ಕೌಶಲ ಕಲಿಸಿ, ಅದಕ್ಕೆ ತಕ್ಕ ಕೂಲಿ ಕೊಟ್ಟರೆ, ದಣಿದ ನೆಲದಲ್ಲೂ ಕಲ್ಲಂಗಡಿ ಮತ್ತೆ ನಿಲ್ಲುತ್ತದೆ.