ಸಬ್‌ವೂಫರ್ ಸರಿಯಿದೆ, ಹಾಲ್ ಸರಿಯಿಲ್ಲ

ವೈಟ್‌ಫೀಲ್ಡ್‌ನ ಓದುಗರೊಬ್ಬರು ಕೇಳಿದ್ದಾರೆ: ‘ಹತ್ತಿಂಚಿನ ಸಬ್‌ವೂಫರ್ ತಂದು ಟಿವಿ ಪಕ್ಕದ ಮೂಲೆಯಲ್ಲಿಟ್ಟೆ. ಅಂಗಡಿಯಲ್ಲಿ ಮೃದಂಗದ ತೊಪ್ಪಿಯ (ಎಡಮುಖದ) ಪೆಟ್ಟುಗಳು ಬಿಡಿಬಿಡಿಯಾಗಿ ಕೇಳುತ್ತಿದ್ದವು. ಮನೆಯಲ್ಲಿ ಬರೀ ಗುಂಯ್. ಹಾಲ್‌ನ ನಟ್ಟನಡುವೆ ಸೋಫಾದಲ್ಲಿ ಕೂತರೆ ಸಪ್ಪೆ. ಅಡುಗೆಮನೆ ಬಾಗಿಲ ಬಳಿ ನಿಂತರೆ ಎದೆ ಅದುರುತ್ತದೆ. ಇನ್ನೂ ದೊಡ್ಡದನ್ನು ಕೊಳ್ಳಬೇಕೆ?’

ಬೇಡವೇ ಬೇಡ. ದೊಡ್ಡದು ತಂದರೆ ಗುಂಯ್ ದೊಡ್ಡದಾಗುತ್ತದೆ, ಅಷ್ಟೆ.

ನಿಮ್ಮ ಏರಿಯಾದಲ್ಲೇ ದಿನವೂ ಓಡಾಡುವ ನೀರಿನ ಟ್ಯಾಂಕರ್ ನೋಡಿ. ಅರ್ಧ ತುಂಬಿದ ಟ್ಯಾಂಕರ್ ಹೋಪ್ ಫಾರ್ಮ್ ಸಿಗ್ನಲ್‌ನಲ್ಲಿ ಗಕ್ಕನೆ ನಿಂತರೆ ಒಳಗಿನ ನೀರು ಮುಂದಕ್ಕೆ ನುಗ್ಗಿ, ಹಿಂದಕ್ಕೆ ಬಂದು, ಮತ್ತೆ ಮುಂದಕ್ಕೆ ನುಗ್ಗುತ್ತದೆ. ಲಾರಿ ನಿಂತಿದ್ದರೂ ಜೋಲಿ ನಿಲ್ಲುವುದಿಲ್ಲ. ಆ ಜೋಲಿಯ ಲಯವನ್ನು ಗೊತ್ತುಮಾಡುವುದು ಟ್ಯಾಂಕಿನ ಉದ್ದ ಮತ್ತು ನೀರಿನ ಮಟ್ಟ. ಚಾಲಕನ ಕಾಲಿಗೆ ಅದರ ಮೇಲೆ ಹಿಡಿತವಿಲ್ಲ. ಎರಡು ತುದಿಗಳಲ್ಲಿ ನೀರು ಏರಿ ಇಳಿಯುತ್ತದೆ. ನಡುಮಧ್ಯದಲ್ಲಿ ಮಟ್ಟ ಬಹುತೇಕ ಬದಲಾಗುವುದೇ ಇಲ್ಲ, ಆದರೆ ನೀರು ಅತಿ ಜೋರಾಗಿ ಹರಿದಾಡುವುದು ಅಲ್ಲಿಯೇ.

ಹಾಲ್‌ನೊಳಗಿನ ಗಾಳಿಯೂ ಹೀಗೆಯೇ. ನೀರಿನ ಮಟ್ಟದ ಜಾಗದಲ್ಲಿ ಗಾಳಿಯ ಒತ್ತಡ ಎಂದಿಟ್ಟುಕೊಳ್ಳಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಮೊದಲ ಜೋಲಿಯ ಆವರ್ತನ ಸಿಗುತ್ತದೆ. 20 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಹಾಲ್ ಎಂದುಕೊಂಡರೆ ಉದ್ದಕ್ಕೆ 28 ಹರ್ಟ್ಸ್, ಅಗಲಕ್ಕೆ 47, ಎತ್ತರಕ್ಕೆ 56. ಉದ್ದದ ಎರಡನೇ ಜೋಲಿಯೂ 56! ಎರಡೂ ಒಂದರ ಮೇಲೊಂದು ಕೂತು, ಆ ಸ್ವರ ಬಂದಾಗಲೆಲ್ಲ ಕೋಣೆ ಮೊರೆಯುತ್ತದೆ. ಸೋಫಾ ನಟ್ಟನಡುವೆ ಇದ್ದರೆ 28 ಮತ್ತು 47 ಎರಡೂ ಅಲ್ಲಿ ಸತ್ತಿರುತ್ತವೆ. ತುದಿಯಲ್ಲಿರುವ ಅಡುಗೆಮನೆ ಬಾಗಿಲಲ್ಲಿ ಅವೇ ಜೀವ ತಳೆದಿರುತ್ತವೆ. 10 ಅಡಿ ಚೌಕದ, 10 ಅಡಿ ಎತ್ತರದ ಬೆಡ್‌ರೂಮನ್ನು ‘ಮ್ಯೂಸಿಕ್ ರೂಮ್’ ಮಾಡಹೊರಟವರಿಗಂತೂ ದೇವರೇ ಗತಿ: ಮೂರು ದಿಕ್ಕಿನ ಜೋಲಿಗಳೂ 56ರಲ್ಲೇ ಗುಂಪುಗೂಡುತ್ತವೆ.

ಇಲ್ಲಿ ಅಮೆರಿಕದ ಯೂಟ್ಯೂಬ್ ಪಂಡಿತರು ನಮ್ಮನ್ನು ದಾರಿ ತಪ್ಪಿಸುತ್ತಾರೆ. ಅವರ ಮನೆಗಳ ಗೋಡೆ ಮರದ ಚೌಕಟ್ಟಿಗೆ ಬಡಿದ ಜಿಪ್ಸಮ್ ಹಲಗೆ. ಅದು ಬೇಸ್‌ಗೆ ತಾನೇ ಅಲುಗಾಡಿ, 125 ಹರ್ಟ್ಸ್‌ನಲ್ಲಿ ತನ್ನ ಮೇಲೆ ಬಿದ್ದ ಶಬ್ದಶಕ್ತಿಯ ಶೇ 29ರಷ್ಟನ್ನು ನುಂಗುತ್ತದೆ. ಬಣ್ಣ ಬಳಿದ ಇಟ್ಟಿಗೆ ಗೋಡೆ ನುಂಗುವುದು ಶೇ 1. ಈಗಂತೂ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಎಷ್ಟೋ ಹೊಸ ಗೋಪುರಗಳಲ್ಲಿ ಅಲ್ಯೂಮಿನಿಯಂ ಅಚ್ಚಿಗೆ ಕಾಂಕ್ರೀಟ್ ಸುರಿದು ಗೋಡೆಯನ್ನೇ ಎರಕ ಹೊಯ್ಯುತ್ತಾರೆ. ಕೆಳಗೆ ವಿಟ್ರಿಫೈಡ್ ಟೈಲ್ಸ್. ಶಬ್ದಕ್ಕೆ ತಪ್ಪಿಸಿಕೊಂಡು ಹೋಗಲು ದಾರಿಯೇ ಇಲ್ಲ.

ಯಾವ ವಸ್ತು ಎಷ್ಟು ಶಬ್ದ ನುಂಗುತ್ತದೆ ಎಂಬ ಲೆಕ್ಕ ಶುರುವಾದದ್ದು ಹಾರ್ವರ್ಡ್‌ನಲ್ಲಿ. 1895ರಲ್ಲಿ ಅಲ್ಲಿನ ಫಾಗ್ ಕಲಾಸಂಗ್ರಹಾಲಯದ ಹೊಸ ಉಪನ್ಯಾಸ ಭವನದಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ಒಂದು ಪದ ಐದೂವರೆ ಸೆಕೆಂಡು ಗುಂಯ್‌ಗುಡುತ್ತಿತ್ತು. ‘ಇದನ್ನು ಸರಿಮಾಡಪ್ಪ’ ಎಂದು ತರುಣ ಭೌತವಿಜ್ಞಾನಿ ವ್ಯಾಲೇಸ್ ಸೇಬಿನ್‌ಗೆ ಒಪ್ಪಿಸಿದರು. ಆತ ಊರು ಮಲಗಿದ ಮೇಲೆ ಸ್ಯಾಂಡರ್ಸ್ ಥಿಯೇಟರ್‌ನ ಆಸನದ ಮೆತ್ತೆಗಳನ್ನು ಹೊರಿಸಿ ತಂದು, ಒಂದು ಆರ್ಗನ್ ಕೊಳವೆ ಊದಿಸಿ, ಸ್ಟಾಪ್‌ವಾಚ್ ಹಿಡಿದು ಅನುರಣನದ ಆಯುಸ್ಸು ಅಳೆದ. ಮೆತ್ತೆ ಹೆಚ್ಚಿಸಿದ, ಮತ್ತೆ ಅಳೆದ. ಬೆಳಗಾಗುವುದರೊಳಗೆ ಮೆತ್ತೆಗಳೆಲ್ಲ ವಾಪಸ್ ಹೋಗಬೇಕು! 1898ರ ಹೊತ್ತಿಗೆ ಸೂತ್ರ ಸಿಕ್ಕಿತು: ಈಗಿನ ಮೀಟರ್ ಲೆಕ್ಕದಲ್ಲಿ ಹೇಳುವುದಾದರೆ, ಕೋಣೆಯ ಗಾತ್ರವನ್ನು ಒಟ್ಟು ಹೀರುವಿಕೆಯಿಂದ ಭಾಗಿಸಿ 0.161ರಿಂದ ಗುಣಿಸಿದರೆ ಅನುರಣನದ ಸೆಕೆಂಡುಗಳು. ಹೀರುವಿಕೆಗೆ ಅವನಿಟ್ಟ ಮಾನ ತೆರೆದ ಕಿಟಕಿ, ಏಕೆಂದರೆ ಅದರತ್ತ ಹೋದ ಶಬ್ದ ಮರಳಿ ಬರುವುದಿಲ್ಲ.

ನಮ್ಮ ಹಾಲ್‌ನ ಗಾತ್ರ 68 ಘನ ಮೀಟರ್, ಮೈ ವಿಸ್ತೀರ್ಣ ಸುಮಾರು 104 ಚದರ ಮೀಟರ್. ಎಲ್ಲವೂ ಶೇ 2 ಮಾತ್ರ ನುಂಗುತ್ತದೆಂದರೆ ಅನುರಣನ ಐದು ಸೆಕೆಂಡು ದಾಟುತ್ತದೆ, ಥೇಟ್ ಫಾಗ್ ಭವನ! ಕಿಟಕಿ ಗಾಜು, ಬಾಗಿಲು, ಬೀರುಗಳು ಸೇರಿ ಅಷ್ಟು ಅಧ್ವಾನವಾಗಲು ಬಿಡುವುದಿಲ್ಲ. ಆದರೂ ಅರ್ಧ ಸೆಕೆಂಡಿಗೆ ಇಳಿಸಬೇಕಾದರೆ 22 ಚದರ ಮೀಟರ್ ತೆರೆದ ಕಿಟಕಿಗೆ ಸಮನಾದ ಹೀರುವಿಕೆ ಬೇಕು. ಬಾಲ್ಕನಿ ಬಾಗಿಲು ಸರಿಸಿದರೆ ಒಂದಿಷ್ಟು ಪುಕ್ಕಟೆ ಸಿಗುತ್ತದೆ, ಜೊತೆಗೆ ಐಟಿಪಿಎಲ್ ರಸ್ತೆಯ ಹಾರನ್‌ಗಳೂ. ದಪ್ಪ ಪರದೆಯನ್ನು ನೆರಿಗೆ ನೆರಿಗೆಯಾಗಿ ಇಳಿಬಿಡಿ, ಜಮಖಾನ ಹಾಸಿ, ಪುಸ್ತಕದ ಕಪಾಟು ತುಂಬಿಸಿ. ಗಾಯಕರ ದನಿ, ತಾಳದ ಕಿಣಿ ಕೂಡಲೇ ತಿಳಿಯಾಗುತ್ತವೆ.

ಆದರೆ ಸೇಬಿನ್‌ನ ಕೊಳವೆ ಊದಿದ್ದು 512 ಹರ್ಟ್ಸ್. ನಮ್ಮ ತಕರಾರಿರುವುದು ಅದರ ಹತ್ತನೇ ಒಂದು ಭಾಗದಲ್ಲಿ. ಅಲ್ಲಿ ಪರದೆಯ ಆಟ ನಡೆಯುವುದಿಲ್ಲ. ಆನ್‌ಲೈನ್‌ನಲ್ಲಿ ‘ಸ್ಟುಡಿಯೋ ಗ್ರೇಡ್’ ಎಂದು ಮಾರುವ ಒಂದಿಂಚಿನ ಮೊನೆಮೊನೆ ಫೋಮ್ ಕೂಡ ಅಷ್ಟೆ. ಮೊಟ್ಟೆ ಟ್ರೇಗಳ ಮಾತು ಬಿಡಿ. ಟ್ಯಾಂಕರಿನೊಳಗೆ ಜೋಲಿ ತಡೆಯಲು ತೂತು ಕೊರೆದ ತಗಡುಗಳನ್ನು ಅಡ್ಡ ನಿಲ್ಲಿಸುತ್ತಾರಲ್ಲ, ಅವನ್ನು ತುದಿಗೋಡೆಗೆ ಅಂಟಿಸುತ್ತಾರೆಯೇ? ನೀರು ಹರಿದಾಡುವ ಒಳಭಾಗದಲ್ಲಿ ನಿಲ್ಲಿಸುತ್ತಾರೆ. ಗೋಡೆಗೆ ತಾಗಿದ ಗಾಳಿಯೂ ಒತ್ತಡಕ್ಕೆ ಸಿಕ್ಕುತ್ತದೆಯೇ ಹೊರತು ಚಲಿಸುವುದಿಲ್ಲ; ಚಲಿಸದ ಗಾಳಿಯ ಮೇಲೆ ಫೋಮ್‌ನ ಆಟ ನಡೆಯದು. ಚಲನೆ ಗರಿಷ್ಠವಾಗುವುದು ಗೋಡೆಯಿಂದ ಕಾಲು ತರಂಗದೂರದಲ್ಲಿ. 50 ಹರ್ಟ್ಸ್‌ಗೆ ಅದು 1.7 ಮೀಟರ್! ಒಂದಿಂಚು ಫೋಮ್‌ಗೆ ಪೂರ್ತಿ ದಕ್ಕುವುದು ಮೂರು ಸಾವಿರ ಹರ್ಟ್ಸ್‌ಗೂ ಮೇಲಿನ ಸ್ವರಗಳು.

ಕೈಗೆಟಕುವ ಮದ್ದು ಪೀಣ್ಯದ ಕಾರ್ಖಾನೆಗಳಲ್ಲಿದೆ. ಓವನ್, ಬಾಯ್ಲರ್‌ಗಳ ಶಾಖ ಹೊರಹೋಗದಂತೆ ಸುತ್ತುವ ರಾಕ್‌ವೂಲ್ ಒಳ್ಳೆಯ ಶಬ್ದಹೀರಕವೂ ಹೌದು. ನಾಲ್ಕಿಂಚಿನ ಹಲಗೆಗಳನ್ನು ಬಟ್ಟೆಯಲ್ಲಿ ಹೊಲಿದು, ಮೂಲೆಗೆ ಅಡ್ಡಲಾಗಿ, ಹಿಂದೆ ಖಾಲಿ ಜಾಗ ಬಿಟ್ಟು ನೆಲದಿಂದ ಸೂರಿನವರೆಗೆ ನಿಲ್ಲಿಸಿ. ಕತ್ತರಿಸುವಾಗ ಮಾಸ್ಕ್, ಕೈಗವಸು ಇರಲಿ; ಎಳೆಗಳು ಚರ್ಮಕ್ಕೆ ಚುಚ್ಚಿ ತುರಿಸುತ್ತವೆ. ನೂರು ಹರ್ಟ್ಸ್ ಆಸುಪಾಸಿನಿಂದ ಮೇಲಕ್ಕೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಕೆಳಗೆ ಜಾಗದ ಆಯ್ಕೆಯೇ ಮದ್ದು.

ಆದ್ದರಿಂದ ಮೊದಲು ಸೋಫಾವನ್ನು ಎರಡಡಿ ಹಿಂದಕ್ಕೆ ಸರಿಸಿ. ಆಮೇಲೆ ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲೇ ಇಟ್ಟು, ಬೇಸ್ ಏರಿಳಿಯುವ ಹಾಡು ಹಾಕಿ, ಗೋಡೆಗುಂಟ ಅಂಬೆಗಾಲಿಡುತ್ತಾ ಕೇಳಿ. (ಮನೆಯವರು ನಗಲಿ.) ಸ್ವರಗಳೆಲ್ಲ ಒಂದೇ ಸಮ ಕೇಳುವ ಜಾಗ ಸಿಕ್ಕಿತೇ? ಪೆಟ್ಟಿಗೆ ಅಲ್ಲಿರಲಿ. ಹಣವಿದ್ದರೆ ಒಂದು ದೊಡ್ಡದರ ಬದಲು ಎರಡು ಚಿಕ್ಕವನ್ನು ತಂದು, ಎದುರುಬದುರಿರುವ ಪ್ರತಿ ಗೋಡೆಯ ನಡುಬಿಂದುವಿಗೆ ಒಂದೊಂದರಂತೆ ಇಡಿ. ಟ್ಯಾಂಕಿನ ಎರಡೂ ತುದಿಯ ನೀರನ್ನು ಒಟ್ಟಿಗೇ ಒತ್ತಿದರೆ ಮೊದಲ ಜೋಲಿ ಹುಟ್ಟುವುದೇ ಇಲ್ಲವಲ್ಲ, ಹಾಗೆ. ಹರ್ಮಾನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಇಂಥ ಹತ್ತಾರು ಜೋಡಣೆಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿ ನೋಡಿದಾಗ ಈ ಸರಳ ಜೋಡಿ ಅತ್ಯುತ್ತಮಗಳ ಸಾಲಿಗೆ ಸೇರಿತು. ಇಷ್ಟಾದ ಮೇಲೂ ಉಳಿದ ದಿಬ್ಬವನ್ನು ಈಕ್ವಲೈಜರ್‌ನಲ್ಲಿ ತಗ್ಗಿಸಿ. ಹಳ್ಳವನ್ನು ತುಂಬಲು ಹೋಗಬೇಡಿ. ಆಂಪ್ಲಿಫೈಯರ್ ಬೆವರುತ್ತದೆ, ಹಳ್ಳ ಹಾಗೆಯೇ ಇರುತ್ತದೆ.

ಕೆಳಗಿನ ಮನೆಯವರು ದೂರುತ್ತಾರೆ ಎಂದೂ ಓದುಗರು ಬರೆದಿದ್ದಾರೆ. ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಆದರೆ ಅದು ‘ಎ’ ತೂಕದ ಡೆಸಿಬಲ್. ಆ ಲೆಕ್ಕದಲ್ಲಿ 50 ಹರ್ಟ್ಸ್‌ನ ಶಬ್ದಕ್ಕೆ 30 ಡೆಸಿಬಲ್ ರಿಯಾಯಿತಿ! ಮೀಟರ್ ತೆಪ್ಪಗಿದ್ದರೂ ಕೆಳಗಿನವರ ಮಂಚ ನಡುಗುತ್ತಿರಬಹುದು. ಫೋಮ್, ರಾಕ್‌ವೂಲ್ ಯಾವುದೂ ಇದನ್ನು ತಡೆಯದು; ಅವು ಕೋಣೆಯೊಳಗಿನ ಅನುರಣನಕ್ಕೆ ಮದ್ದೇ ಹೊರತು ಸ್ಲ್ಯಾಬ್ ದಾಟುವ ಬೇಸ್‌ಗಲ್ಲ. ಹತ್ತು ಹೊಡೆದ ಮೇಲೆ ಸಬ್‌ವೂಫರ್‌ನ ಸ್ವಿಚ್ಚನ್ನೇ ಆರಿಸಿ. ಮೃದಂಗದ ಬಲಮುಖ ಸಾಕಷ್ಟು ಕೇಳುತ್ತದೆ, ತೊಪ್ಪಿಗೆ ಹೆಡ್‌ಫೋನ್ ಇದೆ.